ಚೆನ್ನಾಜಮ್ಮನ ಬಾಯಿ

ಬೇರೆ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ‘ಏನಾಗಿತ್ತು?’ ಎಂದು ಕೇಳುತ್ತಾರಂತೆ. ನಮ್ಮೂರಿನಲ್ಲಿ ‘ಯಾರಿಗೆ ಕೊಟ್ಟರು?’ ಎಂದು ಕೇಳುತ್ತೇವೆ. ಏನಾಗಿತ್ತು ಎನ್ನುವುದು ಡಾಕ್ಟರಿಗೆ ಬಿಟ್ಟ ವಿಷಯ. ಮೈಯಲ್ಲಿ ಕಾಯಿಲೆ ಎಷ್ಟೇ ಇರಲಿ, ತನ್ನಲ್ಲಿರುವ ಒಂದು ಗುಣವನ್ನು ಇನ್ನೊಬ್ಬರಿಗೆ ದಾಟಿಸದೆ ನಮ್ಮೂರಿನಲ್ಲಿ ಯಾರ ಜೀವವೂ ಹೋಗುವುದಿಲ್ಲ. ಕೊಡುವವರು ಹೇಳಿಕೊಡಬೇಕು, ತೆಗೆದುಕೊಳ್ಳುವವರು ಅವರ ಕಣ್ಣೆದುರಿಗೆ ಒಂದು ಸಲ ಮಾಡಿ ತೋರಿಸಬೇಕು, ಕೊಡುವವರು ಬಾಯಿಬಿಟ್ಟು ‘ಸಾಕು’ ಅನ್ನಬೇಕು. ಅಷ್ಟಾದರೆ ಮುಗಿಯಿತು. ಆಮೇಲೆ ಒಂದು ಗಳಿಗೆಯೋ ಒಂದು ದಿನವೋ ಇದ್ದು ಸುಖವಾಗಿ ಹೊರಡುತ್ತಾರೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡುಬಿಟ್ಟಿದ್ದೇವೆ. ಅರವತ್ತು ದಾಟಿದವರು ಸಂಜೆ ಹೊತ್ತು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಹೆಣ್ಣಿಗೆ ಗಂಡು ಹುಡುಕುವವರ ಹಾಗೆ, ತಮ್ಮ ಗುಣಕ್ಕೆ ತಕ್ಕವರನ್ನು ಹುಡುಕುತ್ತಾರೆ. ಕೂಸುಗಳನ್ನು ತಟ್ಟಿ ಮಲಗಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಸೂಲಗಿತ್ತಿಯೊಬ್ಬಳು ಅವಸರಕ್ಕೆ ಯಾರೂ ಸಿಗದೆ ಬಸ್ ಕಂಡಕ್ಟರಿಗೆ ಕೊಟ್ಟು ಹೋದಳು. ಈಗ ಆ ಬಸ್ಸು ಹತ್ತಿದವರು ಇಳಿಯುವ ಊರು ಬಂದರೂ ಏಳುವುದಿಲ್ಲ. ಹೋಗಲು ಮನಸ್ಸಿಲ್ಲದವರೂ ಇದ್ದಾರೆ. ಚಿರೋಟಿ ಮಾಡುವ ಭಟ್ಟರಿಗೆ ನೂರ ನಾಲ್ಕು ವರ್ಷ. ಇವತ್ತಿಗೂ ಹಿಟ್ಟು ಹದ ಮಾಡುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಮಗ್ಗಿಯನ್ನು ಹದಿನೇಳರವರೆಗೆ ಹೇಳಿಕೊಟ್ಟು ನಿಲ್ಲಿಸುತ್ತಾರೆ. ಹದಿನೆಂಟರದು ಕೇಳಿದರೆ ‘ಸುಮ್ಮನೆ ಕೂತ್ಕೊಳ್ರೋ, ನನಗಿನ್ನೂ ಮಗಳ ಮದುವೆ ಆಗಬೇಕು’ ಎಂದು ಗದರುತ್ತಾರೆ.

ನಾನು ಗುರುಮಲ್ಲಪ್ಪ, ಈ ಊರಿನ ನೀರುಗಂಟಿ. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೋಗಿ, ಗುಂಡಿಯೊಳಗಿನ ವಾಲು ತಿರುಗಿಸಿ, ಸರದಿಯ ಮೇಲೆ ಒಂದೊಂದು ಬೀದಿಗೆ ನೀರು ಬಿಡುವುದು ನನ್ನ ಕೆಲಸ. ಊರಿನ ಪೈಪು ಕೊನೆಯಾಗುವುದು ಕಡೇಬೀದಿಯಲ್ಲಿ. ಅಲ್ಲಿ ಹದಿನೇಳು ಮನೆ. ಎಲ್ಲರೂ ಹಿಡಿದು, ತೊಳೆದು, ಎಮ್ಮೆಗೂ ಕುಡಿಸಿ ಮಿಕ್ಕಿದ ನೀರು ಅವರಿಗೆ. ಆ ಬೀದಿಯ ಕಡೇ ಮನೆಯೇ ಚೆನ್ನಾಜಮ್ಮನವರದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಬರಿದಾದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ವಾಲಿನ ಹತ್ತಿರ ಬಂದು, “ನಿಮ್ಮವ್ವ ಹೆಂಗವ್ಳೆ ಮಗ? ಊಟ ಸೇರ್ತದಾ?” ಎಂದು ಕೇಳಿದರು. ಒಳ್ಳೆಯ ಹೆಂಗಸು ಅಂದುಕೊಂಡು, ಸೇರುತ್ತದೆ ಅಂದೆ. “ಇಂಥ ಮಗನ್ನ ಹೆತ್ತೂ ಊಟ ಸೇರ್ತದಲ್ಲ, ಪುಣ್ಯವಂತೆ!” ಎಂದು ಶುರು ಮಾಡಿದವರು ಬಿಸಿಲು ನೆತ್ತಿಗೆ ಬರುವವರೆಗೆ ನಿಲ್ಲಿಸಲಿಲ್ಲ. ಕೊನೆಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. “ನಾನು ಸಾಯೋವಾಗ ಬಾಯಿಗೆ ಬುಡಾಕಾದ್ರೂ ಒಂದು ಒಳಲೆ ನೀರು ಮಡಗಿರ್ತೀಯೇನ್ಲಾ?” ಕೂಸಿಗೆ ಹಾಲು ಕುಡಿಸುವ ಒಳಲೆಯಷ್ಟು ನೀರಿಗೂ ನನ್ನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ಅಲ್ಲಿಂದ ಮೂವತ್ತೊಂದು ವರ್ಷ, ವಾರಕ್ಕೆ ಎರಡು ಸಲದಂತೆ ಬೈಸಿಕೊಂಡೆ. ನನ್ನನ್ನೊಬ್ಬನನ್ನೇ ಅಲ್ಲ. ಕಡೇಬೀದಿಗೆ ದೀಪದ ಕಂಬ ಬಂದದ್ದು ಆ ಬಾಯಿಂದ. ಕಂಬ ನೆಟ್ಟವನು ಮತ್ತೆ ಅವರ ಕಣ್ಣಿಗೆ ಬೀಳಬಾರದೆಂದು ಏಣಿಯನ್ನೂ ಬಿಟ್ಟು ಓಡಿದ. ಆ ಏಣಿಯ ಮೇಲೆ ಈಗಲೂ ಬೀದಿಯವರು ಹಪ್ಪಳ ಒಣಗಿಸುತ್ತಾರೆ. ರೇಷನ್ ಅಂಗಡಿಯ ತಕ್ಕಡಿ ನೆಟ್ಟಗಾದದ್ದೂ ಅದೇ ಬಾಯಿಂದ. ಅವರು ‘ನಿಮ್ಮವ್ವ ಹೆಂಗವ್ಳೆ?’ ಎಂದು ಕೇಳಿದರೆ ಸಾಕು, ಊರಿನ ಎಂಥ ಗಟ್ಟಿಗನೂ ಪಕ್ಕದ ಸಂದಿ ಹಿಡಿಯುತ್ತಿದ್ದ. ಮನೆಯಲ್ಲಿ ಮಾತ್ರ ಅವರಿಗೆ ಜಗಳವೇ ಇರಲಿಲ್ಲ. ಜೊತೆಗಿದ್ದದ್ದು ನಾದಿನಿ ಮರಿಸಿದ್ದಮ್ಮ ಒಬ್ಬರೇ. ಅವರಿಗೆ ಚಿಕ್ಕಂದಿನಲ್ಲೇ ಕಿವಿ ಪೂರಾ ಹೋಗಿತ್ತು. ನಲವತ್ತು ವರ್ಷ ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಅಕ್ಕತಂಗಿಯರ ಹಾಗಿದ್ದರು.

ಯುಗಾದಿಯ ಹಿಂದಿನ ದಿನ ಚೆನ್ನಾಜಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಎಂಬತ್ತಾರರ ಮೂಳೆ ಕೂಡುತ್ತದೆಯೇ? ಹಾಸಿಗೆ ಹಿಡಿದರು. ತಿಂಗಳಾಗುವಷ್ಟರಲ್ಲಿ ಬೆನ್ನಿನಲ್ಲಿ ಹುಣ್ಣಾಯಿತು. “ಇನ್ನು ಸಾಕು, ಕೊಟ್ಟು ಹೊಂಟೋಯ್ತೀನಿ” ಎಂದರು. ಆದರೆ ತೆಗೆದುಕೊಳ್ಳುವವರು ಬೇಕಲ್ಲ! ಜಗಳಗಂಟಿ ಎಂಬ ಹೆಸರು ಬಂದರೆ ಹೆಣ್ಣು ಯಾರು ಕೇಳುತ್ತಾರೆಂದು ತಾಯಂದಿರು ಮಕ್ಕಳನ್ನು ಆ ಬೀದಿಗೇ ಬಿಡಲಿಲ್ಲ. ‘ಆ ಬಾಯಿ ಅವರ ಜೊತೆಗೇ ಮಣ್ಣಾಗಲಿ’ ಎಂದವರೂ ಉಂಟು. ಬಾಯಿ ಕೊಡದೆ ಅವರು ಮಣ್ಣಿಗೆ ಹೋಗುವಂತೆಯೇ ಇಲ್ಲವಲ್ಲ, ಅದೇ ಪೇಚು. ಊರಿನವರು ಯೋಚನೆ ಮಾಡಿ, ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡುತ್ತಿದ್ದ ಆಸಾಮಿಯೊಬ್ಬನನ್ನು ಒಪ್ಪಿಸಿ ಕರೆತಂದರು. ಅವನ ಗಂಟಲೇನೋ ದೊಡ್ಡದೇ. ಆದರೆ ಹಾರ್ಮೋನಿಯಂ ಬಾರಿಸದಿದ್ದರೆ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಚೆನ್ನಾಜಮ್ಮ ಮಲಗಿದಲ್ಲಿಂದಲೇ ಅವನನ್ನು ಬೈದು ಕಳಿಸಿದರು.

ಮಾರನೆಯ ದಿನ ನನಗೆ ಕರೆ ಬಂತು. ನೀರು ಕಮ್ಮಿಯಾಗಿರಬೇಕು ಎಂದುಕೊಂಡು, ಬೈಸಿಕೊಳ್ಳಲು ತಯಾರಾಗಿಯೇ ಹೋದೆ. “ಕೂತ್ಕೊ. ನಿಂಗೇ ಕೊಡ್ತೀನಿ” ಅಂದರು. 

“ನಂಗಾ ಅಮ್ಮಾರೆ? ನಾನು ಹಟ್ಟೀಲಿ ಸಾರಿಗೆ ಉಪ್ಪಿಲ್ಲ ಅನ್ನಾಕೇ ಹೆದರ್ತೀನಿ.”

“ಮೂವತ್ತೊಂದು ವರ್ಸ ನನ್ನ ಕೈಲಿ ಬೈಸ್ಕಂಡಿದ್ದೀಯ. ಪಾಠ ಎಲ್ಲಾ ಆಗೋಯ್ತು ಕಣ್ಲಾ. ಪರೀಕ್ಸೆ ಒಂದು ಬಾಕಿ.”

ಇಲ್ಲವೆನ್ನಬೇಕೆಂದು ಬಾಯಿ ತೆರೆದೆ. ಇಲ್ಲವೆನ್ನುವ ಶಕ್ತಿ ಇದ್ದಿದ್ದರೆ ನಾನು ನೀರುಗಂಟಿ ಯಾಕಾಗುತ್ತಿದ್ದೆ! ಹೂಂ ಅಂದು ಎದ್ದು ಬಂದೆ.

ಅಂದಿನಿಂದ ಮಧ್ಯಾಹ್ನದ ವಾಲು ಕಟ್ಟಿದ ಮೇಲೆ ಅವರ ಹಾಸಿಗೆಯ ಪಕ್ಕ ಕೂತು ಕಲಿಯತೊಡಗಿದೆ. ಬೈಗುಳಗಳೇನೋ ನನಗೆ ಬಾಯಿಪಾಠ ಬರುತ್ತಿದ್ದವು. ಒಂದಾದ ಮೇಲೊಂದು ಒಪ್ಪಿಸಿದೆ. “ಇದೇನ್ಲಾ, ಭಜನೆಯಾ?” ಎಂದರು. ಜಗಳವೆಂದರೆ ಬೈಗುಳವಲ್ಲವಂತೆ. ಬೈಗುಳ ಒಗ್ಗರಣೆಯಿದ್ದ ಹಾಗಂತೆ, ಕೊನೆಗೆ ಒಂದು ಚಿಟಿಕೆ. ಮೊದಲು ಎದುರಿನವನ ತಾಯಿಯ ಯೋಗಕ್ಷೇಮ ಕೇಳಬೇಕು. ತಾಯಿಯನ್ನು ನೆನೆದ ಮನುಷ್ಯನಿಗೆ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ದನಿ ಗಂಟಲಿನಿಂದ ಬರಬಾರದು, ಎದೆಯಿಂದ ಬರಬೇಕು.

ಅಭ್ಯಾಸಕ್ಕೆಂದು ಮೊಸರಿನವಳ ಹತ್ತಿರ ಹೋಗಿ, ಮೊಸರು ನೀರಾಗಿದೆ ಎಂದು ಜಗಳ ತೆಗೆದೆ. ತಾಯಿ ಹೇಗಿದ್ದಾರೆಂದು ಕೇಳಿದ್ದೇ ತಪ್ಪಾಯಿತು. ಆ ತಾಯಿ ಹೋದ ತಿಂಗಳಷ್ಟೇ, ಮೊಸರು ಹೆಪ್ಪುಹಾಕುವ ಕೈಯನ್ನು ಇವಳಿಗೇ ಕೊಟ್ಟು ತೀರಿಕೊಂಡಿದ್ದಳು. ಇಬ್ಬರೂ ಕೂತು ಅತ್ತೆವು. ಎರಡು ಸೇರು ಮೊಸರು ಹೆಚ್ಚಿಗೆ ಹಾಕಿಸಿಕೊಂಡು ಮನೆಗೆ ಬಂದೆ. ಮನೆಯಲ್ಲಿ ಧೈರ್ಯ ಮಾಡಿ ಹೆಂಡತಿಗೆ, ಸಾರಿಗೆ ಉಪ್ಪಿಲ್ಲ ಎಂದು ಎದೆಯಿಂದಲೇ ಹೇಳಿದೆ. ಕೆಂಪಮ್ಮಣ್ಣಿ ಸೌಟು ಕೆಳಗಿಟ್ಟು, “ಏನಂದ್ರಿ? ಇನ್ನೊಂದ್ ಸಲ ಅನ್ನಿ” ಎಂದಳು. ಇನ್ನೊಂದು ಸಲ ಅನ್ನುವ ಸಾಹಸ ಮಾಡಲಿಲ್ಲ. ಉಪ್ಪು ಸರಿಯಾಗಿಯೇ ಇದೆ ಎಂದೆ.

ಚೆನ್ನಾಜಮ್ಮ ಇದೆಲ್ಲವನ್ನೂ ಕೇಳಿ ನಕ್ಕರು. ನಗುವಾಗ ಬೆನ್ನು ಹಾಸಿಗೆಗೆ ತಾಗಿ ನೋವಿನಿಂದ ನರಳಿದರು. ಆಮೇಲೆ ಹೇಳಿದರು, “ನಿಂಗೆ ಯಾಕೆ ಬರಾಕಿಲ್ಲ ಗೊತ್ತಾ? ನಿನ್ನ ಮೊಸರು, ನಿನ್ನ ಉಪ್ಪು ಅಂತ ಹೋಯ್ತೀಯ. ತನಗೋಸ್ಕರ ಆಡೋದು ಜಗಳ ಅಲ್ಲ ಕಣ್ಲಾ, ಅದು ಗೋಳು. ಆಮೇಲೆ ಇನ್ನೊಂದು. ಎದುರಿಗಿರೋನ ಕಣ್ಣಲ್ಲಿ ನೀರು ಬಂತಾ, ಅಲ್ಲಿಗೆ ನಿಲ್ಸಬೇಕು. ಸಂಜಿಕೆ ಅವನ ಹಟ್ಟಿಗೆ ಸಾರು ಕಳಿಸ್ಬೇಕು.”

ನನಗೆ ಥಟ್ಟನೆ ನೆನಪಾಯಿತು. ಎಷ್ಟೋ ಸಂಜೆ ಮರಿಸಿದ್ದಮ್ಮ ಮಾತಿಲ್ಲದೆ ಬಂದು ನಮ್ಮ ಹೊಸ್ತಿಲ ಮೇಲೆ ಸೊಪ್ಪಿನ ಸಾರಿನ ತಪ್ಪಲೆ ಇಟ್ಟು ಹೋಗುತ್ತಿದ್ದರು. ಹೆಚ್ಚಾಗಿ ಮಾಡಿರಬೇಕು, ಕೊಟ್ಟಿದ್ದಾರೆ ಎಂದು ಉಂಡಿದ್ದೆವು. ನಾನು ಕಣ್ಣೊರೆಸಿಕೊಂಡು ಮನೆಗೆ ಬಂದ ದಿನಗಳೇ ಅವು. ಇಷ್ಟು ವರ್ಷ ಆ ಸಾರು ಉಂಡೂ ಅದರ ಮರ್ಮ ತಿಳಿಯದೆ ಹೋಯಿತಲ್ಲ ಎಂದು ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಸೊಂಟ ಮುರಿದು ನಾಲ್ಕು ತಿಂಗಳಾಗುವಷ್ಟರಲ್ಲಿ ಅವರ ಹುಣ್ಣು ದೊಡ್ಡದಾಯಿತು. ಒಂದು ದಿನ ಮರಿಸಿದ್ದಮ್ಮನ ಜೊತೆ ಸೇರಿ ಮಗ್ಗುಲು ಹೊರಳಿಸುವಾಗ ನೋಡಿದೆ. ನೋಡಬಾರದಿತ್ತು. ಜಗವನ್ನೇ ನಡುಗಿಸಿದ ಆ ಹೆಂಗಸು ಸೆರಗಿನ ತುದಿ ಕಚ್ಚಿಕೊಂಡು ಕೂಸಿನ ಹಾಗೆ ಮುಲುಗಿದರು. “ನಂಗಿನ್ನು ಆಗಾಕಿಲ್ಲ ಗುರುಮಲ್ಲ. ಮೆಂಬರ್ ಜವರಪ್ಪ ಕೇಳಿ ಕಳಿಸವ್ನೆ. ಸೋಮವಾರ ಬತ್ತಾನೆ. ಅಷ್ಟರೊಳಗೆ ನಿನ್ನ ಕೈಲಾಗ್ನಿಲ್ಲ ಅಂದ್ರೆ ಅವನಿಗೇ ಕೊಟ್ಟು ಕಣ್ಮುಚ್ತೀನಿ” ಎಂದರು.

 ಜವರಪ್ಪ ಪುರಸಭೆಯ ಮೆಂಬರು. ಊರ ಹೊರಗಿನ ತನ್ನ ಹೊಸ ಬಡಾವಣೆಗೆ ಕಡೇಬೀದಿಯ ಪೈಪನ್ನು ತಿರುಗಿಸಿಕೊಳ್ಳಬೇಕೆಂದು ಆರು ವರ್ಷದಿಂದ ಹೊಂಚು ಹಾಕುತ್ತಿದ್ದವನು. ಅವನಿಗೆ ಅಡ್ಡವಾಗಿದ್ದದ್ದು ಈ ಒಂದು ಬಾಯಿ. ಅದೇ ಬಾಯಿ ಅವನ ಪಾಲಾದರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಹದಿನೇಳು ಮನೆಯ ನಲ್ಲಿಗಳಲ್ಲಿ ಗೂಡು ಕಟ್ಟುವುದು ಜೇಡವೇ. ಹಾಗೆಂದು, ನರಳುತ್ತಿರುವವರಿಗೆ ಇನ್ನೂ ನಾಲ್ಕು ತಿಂಗಳು ನರಳಿ ಅನ್ನಲು ಯಾವ ಬಾಯಿಂದ ಸಾಧ್ಯ? ಭಾನುವಾರವೆಲ್ಲ ಕೆರೆಯ ಏರಿಯ ಮೇಲೆ ನಿಂತು ಬಂದ ಬಂದ ಎಮ್ಮೆಗಳ ಜೊತೆ ಜಗಳ ಅಭ್ಯಾಸ ಮಾಡಿದೆ. ಒಂದು ಎಮ್ಮೆಯೂ ದಾರಿ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಜವರಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಮೂಸಂಬಿಯ ಚೀಲ, ಹಿಂದೆ ನಾಲ್ಕು ಜನ. ಕಡೇಬೀದಿಯವರೆಲ್ಲ ಅಂಗಳದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ನಾನು ಹೆಗಲ ಮೇಲಿನ ಕೀಲಿಯನ್ನೂ ಇಳಿಸದೆ ಬಾಗಿಲ ಪಕ್ಕ ನಿಂತೆ. ಜಗಳಕ್ಕೊಬ್ಬ ಬೇಕೆಂದು ಜವರಪ್ಪ ತನ್ನ ಕಡೆಯವನನ್ನೇ ಕರೆತಂದಿದ್ದ. ಅವನನ್ನು ಎದುರಿಗೆ ಕೂರಿಸಿಕೊಂಡು ಶುರು ಮಾಡಿದ. ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ಆಡಿದ. “ನಾನು ಯಾರು ಗೊತ್ತೇನೋ? ನನ್ನ ಮರ್ಯಾದೆ ಏನು ಗೊತ್ತೇನೋ? ನನ್ನ ಮುಂದೆ ಕಾಲ್ ಮೇಲ್ ಕಾಲ್ ಹಾಕ್ತೀಯಾ?” ಎಂದು ಅವನು ಆರ್ಭಟಿಸಿದ ರಭಸಕ್ಕೆ ಅಟ್ಟದ ಮೇಲಿನ ಬಿಂದಿಗೆ ಅದುರಿತು. ಮರಿಸಿದ್ದಮ್ಮ ಭೂಮಿ ನಡುಗಿತೆಂದುಕೊಂಡು ಬಿಂದಿಗೆ ಇಳಿಸಿ ಕೆಳಗಿಟ್ಟರು.

ಚೆನ್ನಾಜಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಮುಖದಲ್ಲಿ ಮೆಚ್ಚುಗೆಯಿರಲಿಲ್ಲ, ಬರೀ ಸುಸ್ತು. ಕೊನೆಗೆ ನಿಧಾನವಾಗಿ ಕೈಯೆತ್ತಿ “ಸಾ…” ಎಂದರು.

“ನಿಲ್ಸವ್ವಾ!” ಎಂದು ಯಾರೋ ಕೂಗಿದರು. ಯಾರೆಂದು ನಾನೂ ತಿರುಗಿ ನೋಡಿದೆ. ಕೂಗಿದವನು ನಾನೇ.

“ಎಂಥ ಕೆಲಸ ಮಾಡ್ತಾ ಇದ್ದೀಯವ್ವಾ ನೀನು? ಮೂವತ್ತೊಂದು ವರ್ಸ ನನ್ನ ಹೊಟ್ಟೆ ಉರ್ಸಿದ್ದು ಇದಕ್ಕಾ? ಈ ಬಾಯ್ನ ಇವನ ಕೈಗೆ ಕೊಡಾಕಾ? ನೋವು ಅಂತೀಯಲ್ಲ, ಅಗೋ ಆ ಮೂರನೇ ಹಟ್ಟಿ ಬಾಣಂತಿಗೆ ನೋವಿಲ್ವಾ? ನಾಳೆಯಿಂದ ಅವಳು ಕೂಸ ಕಂಕುಳಿಗಿಟ್ಕಂಡು ಕೆರೆಯಿಂದ ನೀರು ಹೊರಬೇಕಾ? ಕುಂಟ ಮಾದಯ್ಯ ಹೊರಬೇಕಾ? ನಿನ್ನ ನಾದಿನಿ, ನಿನ್ನ ಹೇಲುಚ್ಚೆ ಬಾಚ್ತಾ ಅವ್ಳಲ್ಲ, ಅವಳು ಹೊರಬೇಕಾ?”

ಚೆನ್ನಾಜಮ್ಮ ಕಣ್ಣು ತೆರೆದರು. “ದನಿ ತಗ್ಸು. ಗಂಟಲಿಂದ ಬತ್ತಾ ಅದೆ” ಅಂದರು.

“ತಗ್ಸಾಕಿಲ್ಲ! ನೀನು ಯಾವತ್ತು ತಗ್ಸಿದ್ದೀಯ?”

“ನಾ ಸಾಯೋದು ನನ್ನಿಷ್ಟ. ಕೇಳಾಕೆ ನಿಂಗೇನ್ಲಾ ಹಕ್ಕದೆ?”

“ಹಕ್ಕಾ? ಹೆತ್ತ ಮಗ ಇದ್ದಿದ್ರೂ ನಿನ್ನ ಕೈಲಿ ಇಷ್ಟು ಬೈಸ್ಕತಿರಲಿಲ್ಲ! ನಾನು ಬೈಸ್ಕಂಡಿವ್ನಿ, ನಿನ್ನ ಸಾರೂ ಉಂಡಿವ್ನಿ. ನಂಗಲ್ದೆ ಇನ್ಯಾರಿಗದೆ ಹಕ್ಕು? ನಂಗೆ ಕಲಿಯಾಕಾಗ್ನಿಲ್ಲ ಅಂದ್ರೆ ಕಲಿಯೋಗಂಟ ಬಡ್ದು ಕಲಿಸ್ಬೇಕಾಗಿತ್ತು. ನಾಕು ತಿಂಗಳಿಗೇ ಸುಸ್ತಾಗಿ, ಮೂಸಂಬಿ ಈಸ್ಕಂಡು ಬೀದಿಯ ಮಾರ್ತೀಯಾ? ಥೂ, ನಿನ್ನ ಬಾಯಿಗೆ…”

 ಅವರ ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು. ಅಲ್ಲಿಗೆ ನಿಲ್ಲಿಸಬೇಕೆಂದು ಅವರೇ ಹೇಳಿಕೊಟ್ಟಿದ್ದರಲ್ಲ, ನಿಲ್ಲಿಸಿದೆ. ಅಷ್ಟು ಹೊತ್ತೂ ಅವರನ್ನು ನೀನು ತಾನು ಎಂದು ಏಕವಚನದಲ್ಲಿ ಅನ್ನುತ್ತಿದ್ದೆ ಎಂಬುದು ಆಗ ಗಮನಕ್ಕೆ ಬಂದು ನಾಲಿಗೆ ಕಚ್ಚಿಕೊಂಡೆ.

“ಸಾಕು” ಅಂದರು ಚೆನ್ನಾಜಮ್ಮ. ನನ್ನ ಕಡೆ ನೋಡಿಕೊಂಡೇ ಅಂದರು.

 ಜವರಪ್ಪ, “ಇದೆಂಗೆ? ಮೊದ್ಲು ‘ಸಾ’ ಅಂದಿದ್ದು ನಂಗೆ!” ಎಂದು ಮುಂದೆ ಬಂದ. ನಾನು ಅವನ ಕಡೆ ತಿರುಗಿದೆ. ದನಿ ತಾನಾಗಿಯೇ ಎದೆಗೆ ಇಳಿದಿತ್ತು. “ನಿಮ್ಮವ್ವ ಹೆಂಗವ್ರೆ ಜವರಪ್ಪೋರೆ? ಊಟ ಸೇರ್ತದಾ?” ಎಂದು ಕೇಳಿದೆ. ಅಷ್ಟೇ ಕೇಳಿದ್ದು. ಆ ಪ್ರಶ್ನೆಯ ಹಿಂದೆ ಏನು ಬರುತ್ತದೆಂದು ಊರಿಗೆಲ್ಲ ಗೊತ್ತು. ಜವರಪ್ಪನ ಮುಖ ಬಿಳಿಚಿಕೊಂಡಿತು. ಮೂಸಂಬಿಯನ್ನು ಅಲ್ಲೇ ಬಿಟ್ಟು, ಒಂದು ಕಾಲಿಗೆ ತನ್ನ ಚಪ್ಪಲಿ ಇನ್ನೊಂದಕ್ಕೆ ಮಾದಯ್ಯನದು ಮೆಟ್ಟಿಕೊಂಡು ಹೊರಟುಹೋದ.

ಚೆನ್ನಾಜಮ್ಮನ ಮುಖ ಹಗುರಾಗಿತ್ತು. ನೋವಿನ ಗೆರೆಗಳೆಲ್ಲ ಸಡಿಲಾಗಿದ್ದವು. ಇನ್ನು ಹೆಚ್ಚು ಹೊತ್ತಿಲ್ಲವೆಂದು ಎಲ್ಲರಿಗೂ ತಿಳಿಯಿತು. ಮರಿಸಿದ್ದಮ್ಮ ಗೂಡಿನಿಂದ ಒಳಲೆ ತೆಗೆದು ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಬಿಂದಿಗೆ ಬಗ್ಗಿಸಿದೆ. ಬಿಂದಿಗೆ ಬರಿದು. ಹಂಡೆ ನೋಡಿದೆ, ಅದೂ ಬರಿದು.

“ಇವತ್ತೇನು ವಾರ?” ಎಂದರು ಚೆನ್ನಾಜಮ್ಮ.

“ಸೋಮವಾರ.”

“ನಮ್ಮ ಬೀದಿ ಸರದಿ ಅಲ್ವೇನ್ಲಾ? ನೀರು ಬುಟ್ಟಿದ್ದೀಯಾ?”

ನಾನು ಹೆಗಲ ಮೇಲಿನ ಕೀಲಿ ಮುಟ್ಟಿ ನೋಡಿಕೊಂಡೆ. ಏಳೂವರೆಗೆ ತಿರುಗಿಸಬೇಕಾಗಿದ್ದ ವಾಲು. ಜಗಳದ ಚಿಂತೆಯಲ್ಲಿ, ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಮರೆಯದಿದ್ದವನು ಅವತ್ತು ಮರೆತಿದ್ದೆ.

“ಹಾಳಾಗೋದೋನೆ, ಓಡು! ನೀರು ಬರೋಗಂಟ ನಾನೆಲ್ಲೂ ಹೋಗಾಕಿಲ್ಲ.”

ಓಡಿದೆ. ಐವತ್ತೈದರ ವಯಸ್ಸಿನಲ್ಲಿ ಕಬ್ಬಿಣದ ಕೀಲಿ ಹೊತ್ತು ಅರ್ಧ ಮೈಲಿ ಓಡಿ, ವಾಲು ತಿರುಗಿಸಿ, ಮತ್ತೆ ಅರ್ಧ ಮೈಲಿ ಓಡಿ ಬಂದೆ. ನಾನು ಬಂದರೇನು, ನೀರು ಬರಬೇಕಲ್ಲ. ಕಡೇಬೀದಿಗೆ ನೀರೇರಲು ಮುಕ್ಕಾಲು ಗಂಟೆ. ಊರಿಗೆ ಊರೇ ನಲ್ಲಿಯ ಮುಂದೆ ಕೂತು ಕಾಯಿತು. ಒಳಗೆ ಚೆನ್ನಾಜಮ್ಮನೂ ಕಾದರು. ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಗಾಳಿ ಉಗುಳಿತು, ಕೊನೆಗೆ ಕೆಂಪಗೆ ಒಂದು ಧಾರೆ ಬಂತು. ಅದು ತಿಳಿಯಾಗುವವರೆಗೆ ಬಿಟ್ಟು, ಲೋಟದಲ್ಲಿ ಹಿಡಿದು ತಂದು, ಒಳಲೆಯಿಂದ ಅವರ ಬಾಯಿಗೆ ನೀರು ಬಿಟ್ಟೆ. 

ಗುಟುಕರಿಸಿ, ಮುಖ ಸಿಂಡರಿಸಿ, “ತುಕ್ಕಿನ ವಾಸ್ನೆ” ಅಂದರು.

“ಇದೇ ನೀರು ಕುಡ್ದು ಎಂಬತ್ತಾರು ವರ್ಸ ಬಾಳಿದ್ದೀಯಲ್ಲವ್ವಾ, ಇನ್ನೊಂದು ಗುಟುಕಿಗೆ ಏನಾಯ್ತದೆ? ಕುಡಿ” ಎಂದೆ.

ಉತ್ತರಕ್ಕೆ ಕಾದೆ. ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಮಾತು ಕಡೇ ಮಾತಾದದ್ದು ಅದೇ ಮೊದಲು. ಗೆದ್ದೆ ಅನ್ನಿಸಲಿಲ್ಲ. ದುಃಖ ಉಕ್ಕಿಬಂತು, ಅಲ್ಲೇ ಕೂತು ಅತ್ತೆ. ಚಿಕ್ಕಂದಿನಿಂದ ಏನೂ ಕೇಳಿಸದ ಮರಿಸಿದ್ದಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಸುತ್ತ ನೋಡಿ, “ಯಾಕೆ ಗುರುಮಲ್ಲ, ಮನೆ ಇಷ್ಟು ಬಣಗುಡ್ತಾ ಅದೆ?” ಎಂದು ಕೇಳಿದರು.

ಅಂಗಳದಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಬಾಣಂತಿ ಬಾಗಿಲಿಗೆ ಒರಗಿ ಬಿಕ್ಕಿದಳು. ‘ಆ ಬಾಯಿ ಮಣ್ಣಾಗಲಿ’ ಎಂದಿದ್ದವರೇ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದರು. ಆ ಅಳುವಿನ ನಡುವೆಯೂ ನನ್ನ ಕಿವಿಗೆ ಒಂದು ಸದ್ದು ಬಿತ್ತು. ಹೊರಗೆ ನಲ್ಲಿ ಸುರಿಯುತ್ತಲೇ ಇತ್ತು. ನೀರೆಲ್ಲ ಚರಂಡಿಗೆ.

“ನಿಂತ್ಕಂಡು ಏನು ನೋಡ್ತಾ ಇದ್ದೀರಿ?” ಎಂದು ಎದ್ದೆ. “ಅವಳು ಹೋದ್ಳು ಅಂತ ನೀರೂ ಹೋಗ್ಬೇಕಾ? ಕೊಡ ಹಿಡೀರೋ!”

ಎಲ್ಲರೂ ಬೆಚ್ಚಿಬಿದ್ದು ಮೊದಲು ಹಾಸಿಗೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಅಳುತ್ತಲೇ ಕೊಡ ತರಲು ಓಡಿದರು.

ಹದಿನೇಳು ಮನೆಯವರ ಕಣ್ಣಲ್ಲೂ ನೀರು ನೋಡಿದ್ದೆ. ಅಂದಮೇಲೆ ಸಂಜೆ ಹದಿನೇಳು ಮನೆಗೂ ಸೊಪ್ಪಿನ ಸಾರು ಕಳಿಸಬೇಕಾಯಿತು. ಕೆಂಪಮ್ಮಣ್ಣಿ ಸೊಪ್ಪು ಸೋಸಿ ಸೋಸಿ ಸಾಕಾಗಿ, ಮೂರನೇ ಹಂಡೆ ಒಲೆಗೇರಿಸುವಾಗ ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. ನಾನು ಮರುಮಾತಾಡಲಿಲ್ಲ. ನನಗೋಸ್ಕರ ಜಗಳ ಆಡುವಂತಿಲ್ಲವಲ್ಲ.